ಶೆಡ್ಡಿನ ಗೋಡೆಯ ಬೋರ್ಡು: ಒತ್ತಾಸೆಯ ಚರಿತ್ರೆ ಕುರಿತು ಕೆಲವು ಟಿಪ್ಪಣಿಗಳು

1

ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದ ಒಂದು ಅಡ್ಡರಸ್ತೆಯಲ್ಲಿ ನಾನು ಲೆಕ್ಕ ಬರೆಯುವ ಶೆಡ್ಡಿದೆ. ಅಲ್ಲಿಗೆ ನಾನು ಮೊದಲು ಬಂದದ್ದು ಹೆಲ್ಪರ್ ಆಗಿ. ಆಮೇಲೆ ಟರ್ನರ್ ಆದೆ. ಬೆನ್ನುನೋವು ಹಿಡಿದ ಮೇಲೆ ಸ್ಟೋರು, ಬಿಲ್ಲು, ಹಾಜರಿ ಪುಸ್ತಕ ಎಲ್ಲ ನನ್ನ ಕೈಗೆ ಬಂದವು. ನಾಲ್ಕು ಲೇತು, ಎರಡು ಮಿಲ್ಲಿಂಗ್ ಯಂತ್ರ, ಬ್ಯಾಂಕಿನ ಸಾಲದಲ್ಲಿ ತಂದ ಒಂದು ಸಿಎನ್‌ಸಿ, ಇಪ್ಪತ್ತೆರಡು ಜನ. ದೊಡ್ಡ ಕಂಪನಿಗಳು ಕೊಡುವ ಜಾಬ್ ವರ್ಕೇ ನಮ್ಮೆಲ್ಲರ ಅನ್ನ.

2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನನ್ನು ಪೊಲೀಸನೊಬ್ಬ ಕತ್ತಿನ ಮೇಲೆ ಮೊಣಕಾಲೂರಿ ಕೊಂದ. ಆ ಸಾವು ನಮ್ಮ ಶೆಡ್ಡಿಗೆ ಬಂದದ್ದು ಒಂದು ಫಾರಂ ಆಗಿ. ನಮ್ಮಿಂದ ಬಿಡಿಭಾಗ ಕೊಳ್ಳುವ ಹೊರದೇಶದ ಗಿರಾಕಿಯೊಬ್ಬರು ತಮಗೆ ಮಾಲು ಕೊಡುವ ಎಲ್ಲರೂ ವರ್ಣಭೇದದ ವಿರುದ್ಧ ಪ್ರತಿಜ್ಞೆ ಮಾಡಬೇಕು, ಅದನ್ನು ಕೆಲಸಗಾರರ ಭಾಷೆಯಲ್ಲಿ ಬರೆಸಿ ಗೋಡೆಗೆ ಹಾಕಬೇಕು, ಫೋಟೋ ಕಳಿಸಬೇಕು ಎಂದು ಕೇಳಿದ್ದರು. ಯಜಮಾನರು ನನ್ನನ್ನು ಕರೆದರು. 'ನೀನು ಅದೂ ಇದೂ ಬರೀತಿರ್ತೀಯಲ್ಲ, ಇದನ್ನ ಕನ್ನಡಕ್ಕೆ ಮಾಡ್ಕೊಡಯ್ಯ. ಆಯುಧಪೂಜೆ ಹೊತ್ತಿಗೆ ಬೋರ್ಡು ಹಾಕ್ಸೋಣ' ಅಂದರು.

ಓದಿದೆ. ಜನಾಂಗ, ಬಣ್ಣ, ಧರ್ಮ, ಲಿಂಗ, ದೇಶ, ವಯಸ್ಸು ಎಲ್ಲವೂ ಇದ್ದವು. 'ಇದರಲ್ಲಿ ಜಾತಿ ಇಲ್ವಲ್ಲ ಸಾರ್' ಅಂದೆ.

'ಅವರಿಗೇನು ಗೊತ್ತಯ್ಯ ಜಾತಿ? ನಮ್ಮಲ್ಲಿ ತಾನೆ ಅದೆಲ್ಲಾ ಎಲ್ಲಿದೆ? ನಾನು ಯಾವತ್ತಾದ್ರೂ ಯಾರನ್ನಾದ್ರೂ ಕೇಳಿದ್ದೀನಾ?'

ಕೇಳಿರಲಿಲ್ಲ, ನಿಜ. ಕೇಳುವ ಅಗತ್ಯವೇ ಬೀಳದ ಹಾಗೆ ವ್ಯವಸ್ಥೆ ಇತ್ತು. ಕೆಲಸಕ್ಕೆ ಹೊಸಬರು ಬರುತ್ತಿದ್ದದ್ದು ಇದ್ದವರ ಶಿಫಾರಸಿನಿಂದ: ಅಕ್ಕನ ಮಗ, ಬೀಗರ ಪೈಕಿ, ನಮ್ಮೂರಿನ ಹುಡುಗ. ಲೇತಿನ ಮುಂದೆ ನಿಂತವರೆಲ್ಲ ಎರಡೋ ಮೂರೋ ಜಾತಿಯವರು. ಪೊರಕೆ ಹಿಡಿದು ಕಬ್ಬಿಣದ ಚೂರು ಗುಡಿಸುವ, ಕಕ್ಕಸು ತೊಳೆಯುವ ಅಮ್ಮ ಒಬ್ಬರೇ. ಹತ್ತು ಗಂಟೆಯ ಟೀಗೆ ಎಲ್ಲರ ಸ್ಟೀಲ್ ಲೋಟಗಳು ಒಂದು ತಟ್ಟೆಯಲ್ಲಿ ಬರುತ್ತಿದ್ದವು. ಆಕೆಯ ಲೋಟ ಮಾತ್ರ ಹಿಂದಿನ ಕಿಟಕಿಯ ಕಟ್ಟೆಯ ಮೇಲಿರುತ್ತಿತ್ತು. ಅದನ್ನು ಅಲ್ಲಿಡಿ ಎಂದು ಯಾರೂ ಹೇಳಿದ್ದಿಲ್ಲ. ಆಕೆಯೇ ಇಟ್ಟುಕೊಂಡದ್ದು.

ನನ್ನ ಮಾತನ್ನೂ ಹೇಳಬೇಕು. ನಾನು ಹೊಲೆಯರವನು. ಶೆಡ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ನನ್ನ ಲೋಟ ತಟ್ಟೆಯಲ್ಲಿತ್ತು. ಆ ಅಮ್ಮ ಮಾದಿಗರವರು. ಕಿಟಕಿಯ ಲೋಟವನ್ನು ನಾನು ವರ್ಷಗಟ್ಟಲೆ ದಿನಾ ನೋಡಿದವನು. ನೋಡಿಯೂ ನನ್ನ ಟೀ ಕುಡಿದವನು. ಈ ಟಿಪ್ಪಣಿಗಳನ್ನು ಬರೆಯುವ ಅಧಿಕಾರ ನನಗಿದೆಯೇ ಎಂದು ಯಾರಾದರೂ ಕೇಳಿದರೆ ಅವರ ಪ್ರಶ್ನೆ ಸರಿಯಾದದ್ದೇ.

2

ವರ್ಣಭೇದ ಅನ್ನುವುದು ಹೊರದೇಶದ ಮಾತು, ನಮ್ಮ ಈ ಮೂಲೆಗೆ ಅದು ಯಾಕೆ ಎಂದು ಕೇಳುವವರಿದ್ದಾರೆ. ಅವರು ದೊಡ್ಡನೆಕ್ಕುಂದಿಯಿಂದ ಪೂರ್ವಕ್ಕೆ ಸ್ವಲ್ಪ ದೂರ ನಡೆಯಬೇಕು. ವೈಟ್‌ಫೀಲ್ಡ್ ಹುಟ್ಟಿದ್ದೇ ಜನಾಂಗದ ಲೆಕ್ಕದಲ್ಲಿ. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರ್ ಅವರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟರು. ಡಿ.ಎಸ್. ವೈಟ್ ಅವರ ಹೆಸರು ಊರಿಗೆ ಬಂತು. ಬಿಳಿಯರ ಸಮಾಜ ಪೂರ್ತಿ ಒಳಗೆ ಬಿಟ್ಟುಕೊಳ್ಳದ ಮಿಶ್ರ ರಕ್ತದವರು ಬೇಸಾಯ ಮಾಡಿ ಬದುಕಿಕೊಳ್ಳಲಿ ಎಂಬುದು ಅದರ ಹಿಂದಿನ ಯೋಚನೆ.

ಅದೇ ರೈಲು ಹಾದಿಯಲ್ಲಿ ಮುಂದೆ ಹೋಗಿ ಬಂಗಾರಪೇಟೆಯಲ್ಲಿ ತಿರುಗಿದರೆ ಕೋಲಾರದ ಚಿನ್ನದ ಗಣಿ. ಅಲ್ಲಿ 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತ. ಮೇಲೆ ಬಂಗಲೆಗಳಲ್ಲಿ ಯುರೋಪಿಯನ್ನರು, ಅವರ ಕೆಳಗೆ ಆಂಗ್ಲೋ ಇಂಡಿಯನ್ನರು, ಭೂಮಿಯ ಹೊಟ್ಟೆಯೊಳಗೆ ಬಹುಪಾಲು ಉತ್ತರ ಆರ್ಕಾಟ್ ಕಡೆಯಿಂದ ಬಂದ ದಲಿತರು. ವರ್ಣ ಮತ್ತು ಜಾತಿ ಒಂದೇ ಏಣಿಯ ಮೆಟ್ಟಿಲುಗಳಾಗಿದ್ದ ಜಾಗ ಅದು. ಕಳ್ಳರನ್ನು ಗುರುತಿಸುವ ಹಾಗೆ ತಮ್ಮ ಬೆರಳಚ್ಚು ತೆಗೆದು ನೋಂದಾಯಿಸುವುದರ ವಿರುದ್ಧ ಆ ಕಾರ್ಮಿಕರು 1930ರಲ್ಲಿ ದೊಡ್ಡ ಮುಷ್ಕರ ಹೂಡಿದರು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಕೂಲಿಯ ಜಗಳದಲ್ಲಿ ಮಾನದ ಪ್ರಶ್ನೆಯೂ ಇರುತ್ತದೆ ಎಂಬುದನ್ನು ನಮ್ಮ ಕಡೆಯ ಕಾರ್ಮಿಕ ಚರಿತ್ರೆಗೆ ಕಲಿಸಿದವರು ಅವರು.

ದೊಡ್ಡನೆಕ್ಕುಂದಿಯ ಕಥೆ ಬೇರೆ ಬಗೆಯದು. ಸುತ್ತಮುತ್ತ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1956ರಲ್ಲಿ ಎನ್‌ಜಿಇಎಫ್, 1964ರಲ್ಲಿ ಬಿಇಎಂಎಲ್ ಬಂದವು. 1966ರ ಕಾಯ್ದೆಯಿಂದ ಹುಟ್ಟಿದ ಕೆಐಎಡಿಬಿ ಹೊಲಗಳನ್ನು ಸ್ವಾಧೀನಪಡಿಸಿಕೊಂಡು ಕೈಗಾರಿಕಾ ಪ್ರದೇಶಗಳನ್ನು ಮಾಡಿತು. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ನಟ್ಟು, ಬುಶ್ಶು, ಅಚ್ಚು ಮಾಡಿಕೊಡುವ ನೂರಾರು ಶೆಡ್ಡುಗಳು ಎದ್ದವು. 1994ರಲ್ಲಿ ಶುರುವಾದ ಟೆಕ್ ಪಾರ್ಕ್ ವೈಟ್‌ಫೀಲ್ಡ್ ರಸ್ತೆಯ ಚಹರೆಯನ್ನೇ ಬದಲಿಸಿತು. 2007ರಲ್ಲಿ ಮಹದೇವಪುರ ನಗರಸಭೆಯ ಜೊತೆ ನಮ್ಮ ಊರೂ ಬೃಹತ್ ಬೆಂಗಳೂರಿನೊಳಗೆ ಸೇರಿಹೋಯಿತು.

ಈ ಪಟ್ಟಿಯನ್ನು ಕೊಟ್ಟಿದ್ದಕ್ಕೆ ಕಾರಣವಿದೆ. ಸರ್ಕಾರಿ ಕಾರ್ಖಾನೆಯ ಗೇಟಿನೊಳಗೆ ಮೀಸಲಾತಿ ಇತ್ತು. ಅದರಿಂದ ಕೇರಿಯ ಮೊದಲ ತಲೆಮಾರಿನವರು ಫಿಟ್ಟರು, ವೆಲ್ಡರು ಆದರು. ನಮ್ಮಪ್ಪ ಅಂಥ ಒಂದು ಕಾರ್ಖಾನೆಗೆ ಸೇರಿದವನು. ಊರಿನ ಹೋಟೆಲಿನಲ್ಲಿ ಹೊರಗೆ ಕೂತು, ಕುಡಿದ ಲೋಟವನ್ನು ತಾನೇ ತೊಳೆದು ಬೋರಲು ಹಾಕಿ ಬಂದಿದ್ದ ಮನುಷ್ಯ ಕ್ಯಾಂಟೀನಿನ ಸಾಲಿನಲ್ಲಿ ನಿಂತು ಎಲ್ಲರ ಹಾಗೆ ತಟ್ಟೆ ಹಿಡಿದ ದಿನವನ್ನು ಸಾಯುವ ತನಕ ಹೇಳುತ್ತಿದ್ದ. 'ಅನ್ನಕ್ಕಿಂತ ಆ ತಟ್ಟೆ ದೊಡ್ದು ಕಣ್ಲಾ' ಅನ್ನೋನು. ಆದರೆ ಸಂವಿಧಾನದ 16ನೇ ವಿಧಿಯ ಅವಕಾಶ ಸರ್ಕಾರದ ನೌಕರಿಗೆ ಮಾತ್ರ. ಅದು ರಸ್ತೆಯ ಈಚೆ ಬದಿಯ ಶೆಡ್ಡಿಗೆ ದಾಟಿ ಬರಲಿಲ್ಲ. ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. ಉಳಿದ ಕಡೆ ಕಾಯಂ ನೌಕರಿ ಕರಗಿ ಕಾಂಟ್ರಾಕ್ಟ್ ಬಂತು. ಅಪ್ಪ ಹಿಡಿದ ತಟ್ಟೆ ಮಗನಿಗೆ ಸಿಗಲಿಲ್ಲ. ಮಗ ಜಾತಿ ಮುಚ್ಚಿಟ್ಟುಕೊಂಡು ಲೋಟ ಸಂಪಾದಿಸಿದ.

3

ಜಾತಿ ಅಂದ ಕೂಡಲೆ ನಾವು ದೇವಸ್ಥಾನ, ಬಾವಿ, ಮದುವೆ ಅಂತ ಯೋಚಿಸುತ್ತೇವೆ. ಸಣ್ಣ ಅಂಗಡಿ, ಹೋಟೆಲು, ಕ್ಷೌರದ ಕುರ್ಚಿ, ಮಗ್ಗದ ಶೆಡ್ಡು ನಮ್ಮ ವಿಮರ್ಶೆಯ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ. ಬಾಬಾಸಾಹೇಬರ ಕಣ್ಣಿಗೆ ಮೊದಲೇ ಬಿದ್ದಿತ್ತು.

ಮುಂಬೈನ ಬಟ್ಟೆ ಗಿರಣಿಗಳಲ್ಲಿ ಅಸ್ಪೃಶ್ಯರಿಗೆ ನೇಯ್ಗೆ ವಿಭಾಗದೊಳಗೆ ಪ್ರವೇಶವಿರಲಿಲ್ಲ. ಹೆಚ್ಚು ಕೂಲಿ ಸಿಗುತ್ತಿದ್ದ ವಿಭಾಗವೇ ಅದು. ಕಾರಣ ಲಾಳಿ. ಎಳೆ ಮುಗಿದಾಗ ಹೊಸ ನೂಲನ್ನು ಲಾಳಿಯ ತೂತಿನಿಂದ ಬಾಯಲ್ಲಿ ಎಳೆದುಕೊಳ್ಳಬೇಕಿತ್ತು. ದಲಿತನ ಎಂಜಲು ತಾಗಿದ ಲಾಳಿಗೆ ಬಾಯಿ ಹಚ್ಚಲು ಸವರ್ಣೀಯ ಕಾರ್ಮಿಕ ಒಪ್ಪಲಿಲ್ಲ. ಮಾಲೀಕನಿಗೆ ಅದನ್ನು ಪ್ರಶ್ನಿಸುವ ಜರೂರು ಕಾಣಲಿಲ್ಲ. ಎಡಪಂಥೀಯ ಯೂನಿಯನ್ನಿಗೂ ಅದು ಮುಖ್ಯ ಬೇಡಿಕೆ ಆಗಲಿಲ್ಲ. 1928ರ ಮುಷ್ಕರದ ಹೊತ್ತಿಗೆ ಅಂಬೇಡ್ಕರ್ ಈ ಪ್ರಶ್ನೆ ಎತ್ತಿದರು. ಲಾಳಿಯ ಎಂಜಲಿಗೂ ಕಿಟಕಿಯ ಲೋಟಕ್ಕೂ ಇರುವ ನಂಟನ್ನು ನಾನು ಬಿಡಿಸಿ ಹೇಳಬೇಕಿಲ್ಲ.

1932ರ ಪೂನಾ ಒಪ್ಪಂದದ ಬೆನ್ನಲ್ಲೇ ಗಾಂಧೀಜಿಯವರ ಕಡೆಯಿಂದ ಅಸ್ಪೃಶ್ಯತೆಯ ವಿರುದ್ಧ ಒಂದು ಸಂಘ ಹುಟ್ಟಿತು. ಮುಂದೆ ಅದು ಹರಿಜನ ಸೇವಕ ಸಂಘ ಎಂಬ ಹೆಸರು ಪಡೆಯಿತು. ಉದ್ಯಮಿ ಜಿ.ಡಿ. ಬಿರ್ಲಾ ಅಧ್ಯಕ್ಷರು, ಎ.ವಿ. ಠಕ್ಕರ್ ಕಾರ್ಯದರ್ಶಿ. ಆ ವರ್ಷದ ನವೆಂಬರ್ 14ರಂದು ಲಂಡನ್ನಿಗೆ ಹೋಗುವ ಹಡಗಿನಲ್ಲಿ ಕೂತು ಅಂಬೇಡ್ಕರ್ ಠಕ್ಕರ್ ಅವರಿಗೆ ಒಂದು ಉದ್ದನೆಯ ಕಾಗದ ಬರೆದರು. ನಮ್ಮ ಈ ವಿಷಯಕ್ಕೆ ಅದಕ್ಕಿಂತ ದೊಡ್ಡ ದಾಖಲೆ ನನಗೆ ಗೊತ್ತಿಲ್ಲ. ಒಬ್ಬೊಬ್ಬ ದಲಿತನನ್ನು ಕುಡಿತ ಬಿಡಿಸಿ, ಸ್ನಾನ ಮಾಡಿಸಿ ಒಳ್ಳೆಯವನನ್ನಾಗಿ ಮಾಡುವ ಕಾರ್ಯಕ್ರಮ ಬೇಡ, ಅವನ ಸುತ್ತಲಿನ ವ್ಯವಸ್ಥೆಯ ಮೇಲೆ ಕೆಲಸ ಮಾಡಿ ಎಂದು ಅವರು ವಾದಿಸಿದರು. ದಲಿತನ ಬಡತನಕ್ಕೆ ಕಾರಣ ಸಮಾನ ಅವಕಾಶ ಇಲ್ಲದಿರುವುದು. ಅವನು ತರಕಾರಿ, ಹಾಲು, ಬೆಣ್ಣೆ ಮಾರಿದರೆ ಸವರ್ಣ ಹಿಂದೂ ಕೊಳ್ಳುವುದಿಲ್ಲ, ಅದೇ ಹಿಂದೂ ಬೇರೆ ಧರ್ಮದವರಿಂದ ಕೊಳ್ಳುತ್ತಾನೆ. ಗಿರಣಿಯಲ್ಲಿ ಕಡಿಮೆ ಕೂಲಿಯ ವಿಭಾಗವೇ ಅವನ ಪಾಲು. ಆದ್ದರಿಂದ ಹಿಂದೂಗಳು ನಡೆಸುವ ಖಾಸಗಿ ಕಂಪನಿಗಳು ತಮ್ಮ ಕಚೇರಿಗಳಲ್ಲಿ ಬೇರೆ ಬೇರೆ ದರ್ಜೆಯ ಕೆಲಸಗಳಿಗೆ ದಲಿತರನ್ನು ತೆಗೆದುಕೊಳ್ಳುವ ಹಾಗೆ ಸಂಘ ಮಾಡಬೇಕು. ಇಷ್ಟನ್ನು ಅವರು ಕೇಳಿದ್ದು ದೇಶದ ಬಹುದೊಡ್ಡ ಉದ್ಯಮಿಯೊಬ್ಬರು ಅಧ್ಯಕ್ಷರಾಗಿದ್ದ ಸಂಘವನ್ನು. ಕಾಗದ ತಲುಪಿದೆ ಎಂಬ ಉತ್ತರವೂ ಬರಲಿಲ್ಲ ಎಂದು 1945ರ ತಮ್ಮ ಪುಸ್ತಕದಲ್ಲಿ ಅವರು ದಾಖಲಿಸಿದ್ದಾರೆ.

ಉತ್ತರ ಬರದ ಆ ಕಾಗದವನ್ನು ಅವರು ಹದಿನಾರು ವರ್ಷ ಬಿಟ್ಟು ಸಂವಿಧಾನ ಸಭೆಗೆ ಬೇರೆ ರೂಪದಲ್ಲಿ ತಂದರು ಎಂದು ನನಗೆ ಅನ್ನಿಸುತ್ತದೆ. 1948ರ ನವೆಂಬರ್ 29ರಂದು, ಇಂದಿನ 15 ಮತ್ತು 17ನೇ ವಿಧಿಗಳ ಕರಡು ಚರ್ಚೆಗೆ ಬಂದಿತ್ತು. ಅಂಗಡಿ, ಹೋಟೆಲು, ಬಾವಿ, ಕೆರೆಗಳಿಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂಬ ಮಾತು ಕರಡಿನಲ್ಲಿತ್ತು. ಬಟ್ಟೆ ಒಗೆಯುವ, ಕ್ಷೌರ ಮಾಡುವ ಅಂಗಡಿಗಳೂ ಇದರಲ್ಲಿ ಸೇರುತ್ತವೆಯೇ ಎಂಬ ಪ್ರಶ್ನೆ ಬಂತು. ಅಂಗಡಿ ಎಂಬ ಪದವನ್ನು ಅತ್ಯಂತ ವಿಶಾಲವಾದ ಅರ್ಥದಲ್ಲಿ ಬಳಸಿದ್ದೇವೆ, ಜನರಿಗೆ ತನ್ನ ಸೇವೆ ಒದಗಿಸಲು ಕೂತವನು ಯಾರೇ ಆದರೂ ಅದರೊಳಗೆ ಬರುತ್ತಾನೆ ಎಂಬ ಅರ್ಥದ ಉತ್ತರ ಅಂಬೇಡ್ಕರ್ ಕೊಟ್ಟರು. ಆಮೇಲೆ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. 1976ರಲ್ಲಿ ಅದು ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಾಯಿತು. ಹೋಟೆಲಿನಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆ ಬಳಸದಂತೆ ತಡೆಯುವುದೂ ಕಸುಬು ಮಾಡದಂತೆ ತಡೆಯುವುದೂ ಅದರ 4ನೇ ಕಲಮಿನಲ್ಲಿ ಅಪರಾಧ. 1976ರ ತಿದ್ದುಪಡಿ ಅದಕ್ಕೆ ನೌಕರಿಯನ್ನೂ ಸೇರಿಸಿತು. ಒಂದು ಲೋಟದ ವಿಚಾರ ದೇಶದ ಕಾನೂನಿನೊಳಗೆ ಬಂದದ್ದು ಹೀಗೆ.

ಕಾನೂನು ಬಂದಿತು, ಲೋಟ ಹೋಗಲಿಲ್ಲ. 1970ರ ದಶಕದಲ್ಲಿ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಮತ್ತು ಗೆಳೆಯರು ಕಟ್ಟಿದ ದಲಿತ ಸಂಘರ್ಷ ಸಮಿತಿ ಹೋಟೆಲಿನ ಬೆಂಚನ್ನೂ ಕ್ಷೌರದಂಗಡಿಯ ಕುರ್ಚಿಯನ್ನೂ ಹೋರಾಟದ ಜಾಗ ಮಾಡಿಕೊಂಡಿತು. ಅದಾಗಿ ನಲವತ್ತು ವರ್ಷ ಕಳೆದ ಮೇಲೂ, 2014ರ ಆಗಸ್ಟಿನಲ್ಲಿ, ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳು ಉರಿದವು. ಆ ಊರಿನ ಜಗಳದ ಬೇರಿನಲ್ಲಿದ್ದದ್ದು ಕ್ಷೌರದಂಗಡಿ ಮತ್ತು ಹೋಟೆಲಿನ ಪ್ರವೇಶ. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಪ್ರಕರಣ ಹೈಕೋರ್ಟಿಗೆ ಹೋಯಿತು. ತಲೆಗೂದಲು ಕತ್ತರಿಸಿಕೊಳ್ಳಲು, ಒಂದು ಲೋಟ ಚಹಾ ಕುಡಿಯಲು ಇಷ್ಟು ಬೆಲೆ.

4

ಈಗ ಒತ್ತಾಸೆಯ ಪ್ರಶ್ನೆಗೆ ಬರುತ್ತೇನೆ. ನೊಂದವರ ಪರ ನಿಲ್ಲುವ ನೋಯದವರ ಕೆಲಸ ಏನು? ಕರುಣೆ, ಅನುಕಂಪ, ಉದ್ಧಾರ ಎಂಬ ಪದಗಳು ನಮ್ಮ ಸುಧಾರಣೆಯ ಚರಿತ್ರೆಯಲ್ಲಿ ತುಂಬಿವೆ. ಹಳ್ಳಿಯ ಜನ ಬಳಸುವ ಒತ್ತಾಸೆ ಎಂಬ ಪದ ಇವೆಲ್ಲಕ್ಕಿಂತ ಸರಿ ಅನ್ನಿಸುತ್ತದೆ. ಒತ್ತಾಸೆಗೆ ನಿಂತವನು ಮುಂದೆ ನಿಂತು ಭಾಷಣ ಮಾಡುವುದಿಲ್ಲ, ಪಕ್ಕದಲ್ಲಿ ನಿಲ್ಲುತ್ತಾನೆ. ಹೊಡೆತ ಬಿದ್ದರೆ ಅವನಿಗೂ ಬೀಳುತ್ತದೆ.

ಹರಿಜನ ಸೇವಕ ಸಂಘದ ಆಡಳಿತದಲ್ಲಿ ದಲಿತರಿಗೆ ಪಾಲಿರಬೇಕೆಂದು ಕೇಳಿದಾಗ ಗಾಂಧೀಜಿಯವರು ಕೊಟ್ಟ ಉತ್ತರ ಪ್ರಸಿದ್ಧವಾಗಿದೆ: ಇದು ಸವರ್ಣೀಯರ ಪ್ರಾಯಶ್ಚಿತ್ತ, ಸಾಲ ಮಾಡಿದವರು ತೀರಿಸುವ ಕೆಲಸ, ಅದನ್ನು ಸಾಲಗಾರರೇ ನಡೆಸಬೇಕು. ಕೇಳುವುದಕ್ಕೆ ವಿನಯದ ಮಾತು. ಆದರೆ ಎಷ್ಟು ಸಾಲ, ಎಂದು ತೀರಬೇಕು, ತೀರಿತೋ ಇಲ್ಲವೋ ಎಂಬ ಲೆಕ್ಕದ ಪುಸ್ತಕವೂ ಸಾಲಗಾರನ ಕೈಯಲ್ಲೇ ಉಳಿಯುತ್ತದೆ. ಹಾಜರಿ ಮತ್ತು ಲೆಕ್ಕ ಬರೆಯುವ ನನಗೆ ಇದರ ಅರ್ಥ ಚೆನ್ನಾಗಿ ಗೊತ್ತು.

ಹಾಗಂತ ಸವರ್ಣೀಯರಲ್ಲಿ ನಿಜವಾದ ಒತ್ತಾಸೆಯೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಂಗಳೂರಿನ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಶಾಲೆಯ ಜೊತೆಗೆ ಕೈಕಸಬನ್ನೂ ಕಲಿಸಿದರು. ಸ್ವಜಾತಿಯ ಬಹಿಷ್ಕಾರವನ್ನು ತಲೆಯ ಮೇಲೆ ಹೊತ್ತರು. ಪುಣೆಯ ಜೋತಿಬಾ ಫುಲೆ ಕಟ್ಟಡದ ಗುತ್ತಿಗೆಯ ವ್ಯವಹಾರ ಮಾಡುತ್ತಿದ್ದವರು. 1868ರಲ್ಲಿ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರಿಗೆ ತೆರೆದರು. ಇಬ್ಬರೂ ತಮ್ಮ ಕೈಯಲ್ಲಿದ್ದದ್ದನ್ನು ಬಿಟ್ಟುಕೊಟ್ಟರು: ಒಬ್ಬರು ಜಾತಿಯ ಆಸರೆಯನ್ನು, ಇನ್ನೊಬ್ಬರು ಮನೆಯ ನೀರನ್ನು. ಏನನ್ನೂ ಬಿಟ್ಟುಕೊಡದ ಪ್ರತಿಜ್ಞೆ ಬರೀ ಬಣ್ಣದ ಬೋರ್ಡು.

ಅಮೆರಿಕದ ಕಪ್ಪು ಜನರಿಗೂ ನಮಗೂ ಇರುವ ನಂಟು ಫಾರಮ್ಮಿನಿಂದ ಹುಟ್ಟಿದ್ದಲ್ಲ. ಅಂಬೇಡ್ಕರ್ 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ನ್ಯೂಯಾರ್ಕಿನ ಕಪ್ಪು ಜನರ ಹಾರ್ಲೆಮ್ ಬಡಾವಣೆಯ ಪಕ್ಕದಲ್ಲೇ ಇದೆ. 1946ರಲ್ಲಿ ಅವರು ಕಪ್ಪು ಜನರ ಚಿಂತಕ ಡು ಬಾಯ್ಸ್ ಅವರಿಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಸಲ್ಲಿಸಿದ ಮನವಿಯ ಪ್ರತಿ ಕೇಳಿದರು. ಡು ಬಾಯ್ಸ್ ಉತ್ತರ ಬರೆದರು. 1972ರಲ್ಲಿ ಮುಂಬೈನ ಹುಡುಗರು ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟುಕೊಂಡರು. 2001ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ ವರ್ಣಭೇದ ವಿರೋಧಿ ವಿಶ್ವ ಸಮ್ಮೇಳನ ನಡೆದಾಗ ಜಾತಿಯ ಪ್ರಶ್ನೆಯನ್ನೂ ಸೇರಿಸಿ ಎಂದು ದಲಿತ ಸಂಘಟನೆಗಳು ಪಟ್ಟು ಹಿಡಿದವು. ಭಾರತ ಸರ್ಕಾರ ಬೇಡ ಎಂದಿತು. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರ ತನ್ನ ಕಾನೂನಿನಲ್ಲಿ ಜಾತಿ ಎಂಬ ಪದವನ್ನು ಸೇರಿಸಿತು. ಸಾಫ್ಟ್‌ವೇರ್ ಕೆಲಸಕ್ಕೆ ಹೋದ ನಮ್ಮವರ ಜೊತೆ ಜಾತಿಯೂ ಹಡಗು ಹತ್ತಿತ್ತು ಎನ್ನುವುದಕ್ಕೆ ಆ ಕಾನೂನೇ ಸಾಕ್ಷಿ. 2020ರ ನಮ್ಮ ಫಾರಮ್ಮಿನಲ್ಲಿ ಆ ಪದವಿರಲಿಲ್ಲ.

'ನಾನು ಕೇಳೋದೇ ಇಲ್ಲ' ಎಂಬ ಯಜಮಾನರ ಮಾತಿಗೂ ಒಂದು ಉತ್ತರವಿದೆ. ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ವಿದ್ಯಾರ್ಹತೆಯ, ಬೇರೆ ಬೇರೆ ಹೆಸರಿನ ಅರ್ಜಿಗಳನ್ನು ಕಳಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೇಲ್ಜಾತಿಯ ಹಿಂದೂ ಹೆಸರಿಗೆ ಕರೆ ಬರುವ ಸಂಭವವನ್ನು 1 ಎಂದು ಇಟ್ಟುಕೊಂಡರೆ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ಯಾರೂ ಯಾರನ್ನೂ ಜಾತಿ ಕೇಳಿರಲಿಲ್ಲ. ಹೆಸರು ಓದಿದ್ದರು, ಅಷ್ಟೆ.

5

ಆಯುಧಪೂಜೆಗೆ ಹದಿನೈದು ದಿನ ಇದ್ದಾಗ ಯಜಮಾನರ ಮುಂದೆ ಕೂತೆ. 'ಸಾರ್, ನಾನು ಹೊಲೇರವನು' ಅಂದೆ. ಅವರು ಬಹಳ ಹೊತ್ತು ಪೇಪರ್‌ವೆಯ್ಟ್ ತಿರುಗಿಸುತ್ತಾ ಕೂತರು. 'ಅದಕ್ಕೇನೀಗ?' ಅಂದರು. ಅವರ ದನಿಯಲ್ಲಿ ಸಿಟ್ಟಿತ್ತೋ ನಾಚಿಕೆಯಿತ್ತೋ ನನಗೆ ಇವತ್ತಿಗೂ ತಿಳಿಯದು. ಹಿಂದಿನ ಕಿಟಕಿಗೆ ಕರೆದುಕೊಂಡು ಹೋಗಿ ಲೋಟ ತೋರಿಸಿದೆ. 'ನಾನು ಇದನ್ನ ನೋಡೇ ಇಲ್ವಲ್ಲಯ್ಯ' ಅಂದರು. 'ನಾನು ನೋಡಿದ್ದೆ ಸಾರ್' ಅಂದೆ.

ಫಾರಮ್ಮಿನ ಅನುವಾದದ ಕೆಳಗೆ ಐದು ಸಾಲು ಬರೆದುಕೊಟ್ಟೆ. ಒಂದು, ಜನಾಂಗ, ಬಣ್ಣ ಎಂಬುದರ ಮುಂದೆ ಜಾತಿ ಎಂದು ಸೇರಿಸಬೇಕು, ಎಲ್ಲರ ಲೋಟವೂ ಒಂದೇ ತಟ್ಟೆಯಲ್ಲಿ ಬರಬೇಕು. ಎರಡು, ಗುಡಿಸುವ ಅಮ್ಮನ ಹೆಸರು ಹಾಜರಿ ಪುಸ್ತಕಕ್ಕೆ ಬರಬೇಕು, ಪಿಎಫ್, ಇಎಸ್‌ಐ ಕಟ್ಟಬೇಕು. ಮೂರು, ಎರಡು ವರ್ಷ ತುಂಬಿದ ಯಾವ ಹೆಲ್ಪರಿಗೂ ಲೇತು ಕಲಿಸಬೇಕು. ನಾಲ್ಕು, ಕೆಲಸ ಖಾಲಿ ಇದ್ದರೆ ಗೇಟಿನಲ್ಲಿ ಬೋರ್ಡು ಹಾಕಬೇಕು, ಶಿಫಾರಸು ಸಾಲದು. ಐದು, ನಾವು ಹೊರಗೆ ಕೊಡುವ ಪ್ಲೇಟಿಂಗ್, ಗ್ರೈಂಡಿಂಗ್ ಕೆಲಸದಲ್ಲಿ ಒಂದು ಪಾಲು ದಲಿತರು ನಡೆಸುವ ಶೆಡ್ಡುಗಳಿಗೆ ಹೋಗಬೇಕು.

ಐದನೆಯದಕ್ಕೆ ಅವರು ನಕ್ಕರು. 'ವ್ಯಾಪಾರದಲ್ಲಿ ಇದೆಲ್ಲಾ ಆಗುತ್ತೇನಯ್ಯ?' ಅಂದರು. ಆಗುತ್ತದೆ ಎಂದು ನಾನು ಲೆಕ್ಕ ತೋರಿಸಿದೆ. 2012ರ ಕೇಂದ್ರದ ಆದೇಶದ ಪ್ರಕಾರ ಸಾರ್ವಜನಿಕ ಉದ್ದಿಮೆಗಳು ತಮ್ಮ ಖರೀದಿಯಲ್ಲಿ ನೂರಕ್ಕೆ 4ರಷ್ಟನ್ನು ದಲಿತ, ಆದಿವಾಸಿಗಳ ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು. ಕರ್ನಾಟಕ ಸರ್ಕಾರ 50 ಲಕ್ಷದವರೆಗಿನ ಕಾಮಗಾರಿ ಗುತ್ತಿಗೆಗಳಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 17.15, ಪರಿಶಿಷ್ಟ ಪಂಗಡಕ್ಕೆ 6.95 ಮೀಸಲಿಟ್ಟಿತ್ತು, 2023ರಲ್ಲಿ ಆ ಮಿತಿಯನ್ನು 1 ಕೋಟಿಗೆ ಏರಿಸಲಾಯಿತು. ಸರ್ಕಾರಕ್ಕೆ ಸಾಧ್ಯವಾದದ್ದು ಶೆಡ್ಡಿಗೂ ಸಾಧ್ಯ ಅಂದೆ. ಅವರು ನಾಲ್ಕು, ಐದನ್ನು ಪೆನ್ನಿನಲ್ಲಿ ಹೊಡೆದುಹಾಕಿದರು. ಮೂರನ್ನು ಉಳಿಸಿದರು. ಜಾತಿ ಎಂಬ ಪದ ಬೋರ್ಡಿಗೆ ಬಂತು.

ಹೊಸ ಲೋಟಗಳು ಬಂದ ದಿನ ಆ ಅಮ್ಮನನ್ನು ಕರೆದೆ. ಆಕೆ ಕಿಟಕಿಯ ಲೋಟವನ್ನು ಸೆರಗಿನಲ್ಲಿ ಒರೆಸುತ್ತಾ ಅಂದಳು: 'ಬ್ಯಾಡಣ್ಣಾ, ನನ್ ಲೋಟ ನಂಗಿರ್ಲಿ. ನಾಳೆ ನಿಮ್ ಬೋರ್ಡು ಬಿದ್ದೋದ್ರೆ ನಾನ್ ಯಾವುದ್ರಲ್ಲಿ ಕುಡೀಲಿ?' ನನ್ನ ಹತ್ತಿರ ಉತ್ತರವಿರಲಿಲ್ಲ. 'ನೀನೂ ನಮ್ಮೋನೇ ಅಂತ ಗೊತ್ತಿತ್ತು ಕಣಣ್ಣಾ' ಅಂತಲೂ ಅಂದಳು. ನಾನು ಮುಚ್ಚಿಟ್ಟದ್ದು ಆಕೆಗೆ ಮೊದಲಿನಿಂದಲೂ ಗೊತ್ತಿತ್ತು. ಆಕೆ ಯಾರಿಗೂ ಹೇಳಿರಲಿಲ್ಲ. ಇಷ್ಟು ವರ್ಷ ಒತ್ತಾಸೆಗೆ ನಿಂತವರು ಯಾರು ಎಂದು ನನಗೆ ಆಗ ತಿಳಿಯಿತು.

ಆಕೆ ತಟ್ಟೆಯ ಲೋಟ ತೆಗೆದುಕೊಂಡದ್ದು ಮೂರು ತಿಂಗಳ ಮೇಲೆ, ಮೊದಲ ಇಎಸ್‌ಐ ಚೀಟಿ ಕೈಗೆ ಬಂದ ವಾರ. ಯಾದಗಿರಿ ಕಡೆಯ ಇಬ್ಬರು ಹೆಲ್ಪರ್ ಹುಡುಗರು ಲೇತು ಕಲಿತರು. ಅವರಲ್ಲಿ ಒಬ್ಬ ಈಗ ಸಿಎನ್‌ಸಿ ನೋಡಿಕೊಳ್ಳುತ್ತಾನೆ. ಬೋರ್ಡಿನ ಫೋಟೋ ಹೊರದೇಶಕ್ಕೆ ಹೋಯಿತು. ಅಲ್ಲಿಂದ 'ಚೆನ್ನಾಗಿದೆ' ಎಂಬ ಒಂದು ಸಾಲಿನ ಉತ್ತರ ಬಂತು, ಕನ್ನಡ ಅವರಿಗೆ ಬಾರದು. ಹೊಡೆದುಹಾಕಿದ ಎರಡು ಸಾಲಿನ ಹಾಳೆ ನನ್ನ ಹಾಜರಿ ಪುಸ್ತಕದೊಳಗಿದೆ. ಪ್ರತಿ ಆಯುಧಪೂಜೆಗೆ ಮುಂಚೆ ಅದನ್ನು ಯಜಮಾನರ ಮೇಜಿನ ಮೇಲೆ ಇಡುತ್ತೇನೆ. ಅವರು ಓದಿ ವಾಪಸ್ ಕೊಡುತ್ತಾರೆ. ಈ ಸಲವೂ ಇಡುತ್ತೇನೆ.